ಬುಟ್ಟಿ ಹೊತ್ತವರ ದಾರಿ

ಬೆಂಗಳೂರಲ್ಲಿ ಓಡೋ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ಭಾನುವಾರ ನಂದಿ ಬೆಟ್ಟದ ತಪ್ಪಲಿಗೆ ಹೋಗಿರ್ತಾರೆ. ಹಾಗಾಗಿ ದ್ರಾಕ್ಷಿ ತೋಟದ ಪಕ್ಕ ಓಡೋದು ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ದ್ರಾಕ್ಷಿ ಚಪ್ಪರದ ಮೇಲಿರುತ್ತೆ, ನೆಲ ಹೆಚ್ಚುಕಮ್ಮಿ ಸಮ. ಪೋರ್ಚುಗಲ್‌ನ ದೋರು ನದಿಯ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯೋದು ಬೆಟ್ಟದ ಮೈಮೇಲೆ. ನದಿಯ ಅಂಚಿನಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಗೋಡೆ, ಪ್ರತಿ ಗೋಡೆಯ ಹಿಂದೆ ಒಂದು ಪಟ್ಟಿ ಮಣ್ಣು, ಅದರಲ್ಲಿ ಬಳ್ಳಿ.

ಆಫೀಸ್ ಕೆಲಸದ ಮೇಲೆ ಪೋರ್ಟೊ ನಗರಕ್ಕೆ ಹೋಗಿದ್ದೆ. ವಾರಾಂತ್ಯದಲ್ಲಿ ಎರಡೂವರೆ ಗಂಟೆ ರೈಲಿನಲ್ಲಿ ಕೂತು ಪಿನ್ಯಾವ್ ಅನ್ನೋ ಪುಟ್ಟ ಊರಲ್ಲಿ ಇಳಿದೆ. ಮಾರನೇ ದಿನ ಬೆಳಿಗ್ಗೆ ಅಲ್ಲಿಂದ ಮೇಲಿರುವ ಕಸಾಲ್ ದೆ ಲೋಯ್ವುಶ್ ಹಳ್ಳಿಯ ಕಡೆ ಓಡೋಕೆ ಶುರು ಮಾಡಿದೆ. ಓಡಿದೆ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಐದು ನಿಮಿಷಕ್ಕೇ ಮಂಡಿ ಮೇಲೆ ಕೈ ಊರಿಕೊಂಡು ಹತ್ತುತ್ತಿದ್ದೆ. ಸುಧಾರಿಸಿಕೊಳ್ಳೋಕೆ ನಿಂತಾಗ ಪಕ್ಕದ ಗೋಡೆಯಲ್ಲಿ ಒಂದು ವಿಚಿತ್ರ ಕಾಣಿಸ್ತು. ಗೋಡೆಯಿಂದ ಹೊರಗೆ ಉದ್ದುದ್ದ ಚಪ್ಪಡಿಗಳು, ಒಂದರ ಮೇಲೊಂದು ಓರೆಯಾಗಿ, ಹೆಜ್ಜೆಗೊಂದರಂತೆ ಚಾಚಿಕೊಂಡಿದ್ದವು. ಕೆಳಗಿನ ಪಟ್ಟಿಯಿಂದ ಮೇಲಿನ ಪಟ್ಟಿಗೆ ಹತ್ತುವ ಮೆಟ್ಟಿಲು.

ನಮ್ಮೂರ ತೋಟದ ಬಾವಿಯಲ್ಲಿ ಇಳಿಯೋಕೆ ಇರೋದೂ ಥೇಟ್ ಇದೇ. ಪಾಚಿ ಕಟ್ಟಿದ ಆ ಕಲ್ಲುಗಳ ಮೇಲೆ ಕಾಲಿಟ್ಟೇ ನಾನು ಈಜು ಕಲಿತದ್ದು. ತುಮಕೂರು ಜಿಲ್ಲೆಯ ಬಾವಿಯ ಕಲ್ಲು ಇಲ್ಲಿ ಯಾರು ಇಟ್ಟರಪ್ಪ ಅಂತ ತಲೆಗೆ ಹುಳ ಹೊಕ್ಕಿತು. ವಾಪಸ್ ಬಂದಮೇಲೆ ಓದ್ತಾ ಹೋದೆ.

ಕಥೆ ಶುರುವಾಗೋದು ಇಂಗ್ಲೆಂಡಿನಿಂದ. ಫ್ರಾನ್ಸ್ ಜೊತೆ ಅದರ ಯುದ್ಧ ಮುಗೀತಾನೇ ಇರಲಿಲ್ಲ, ಫ್ರೆಂಚ್ ವೈನ್‌ಗೆ ಬದಲಿ ಬೇಕಿತ್ತು. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗೀಸ್ ವೈನ್ ಮೇಲಿನ ಸುಂಕ ಫ್ರೆಂಚ್ ವೈನ್‌ಗಿಂತ ಮೂರನೇ ಒಂದು ಭಾಗ ಕಮ್ಮಿ ಅಂತ ತೀರ್ಮಾನವಾಯ್ತು. ದೋರು ಕಣಿವೆಯ ವೈನ್‌ಗೆ ಸುಗ್ಗಿಯೋ ಸುಗ್ಗಿ. ಬೇಡಿಕೆ ಬಂದ ಕಡೆ ಕಲಬೆರಕೆಯೂ ಬಂತು. ತೆಳ್ಳಗಿನ ವೈನ್‌ಗೆ ಎಲ್ಡರ್ ಗಿಡದ ಕಪ್ಪು ಹಣ್ಣಿನ ರಸ ಸೇರಿಸಿ ಬಣ್ಣ ಬರಿಸೋದು, ಸಕ್ಕರೆ ಹಾಕೋದು. ಹೆಸರು ಕೆಟ್ಟು ಬೆಲೆ ಕುಸಿಯಿತು.

ಆಗ ಪೋರ್ಚುಗಲ್ ಆಳುತ್ತಿದ್ದದ್ದು ಹೆಸರಿಗೆ ರಾಜ, ಕೆಲಸಕ್ಕೆ ಮಂತ್ರಿ. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಅಂತ ಹೆಸರಾದ ಆ ಮನುಷ್ಯ 1756ರಲ್ಲಿ ವೈನ್ ವ್ಯಾಪಾರಕ್ಕೇ ಒಂದು ಕಂಪನಿ ಕಟ್ಟಿ, ಕಣಿವೆಗೆ ಗಡಿ ಹಾಕಿಸಿದ. ಎಲ್ಡರ್ ಗಿಡಗಳನ್ನು ಕಿತ್ತು ಹಾಕಿಸಿದ. ಅತಿ ಒಳ್ಳೆಯ ವೈನ್ ಬೆಳೆಯುವ ಜಾಗದ ಸುತ್ತ 1758 ಮತ್ತು 1761ರಲ್ಲಿ ಒಟ್ಟು 335 ಗ್ರಾನೈಟ್ ಕಲ್ಲು ನೆಡಿಸಿದ, ಮೇಲೆ 'ಫೈತೋರಿಯ' ಅಂತ ಕೆತ್ತಿಸಿ. ಇಂಗ್ಲೆಂಡಿಗೆ ಹೋಗುವ ದುಬಾರಿ ವೈನ್ ಈ ಕಲ್ಲುಗಳ ಒಳಗಿನದ್ದೇ ಆಗಿರಬೇಕು. ವೈನಿಗೆ ಹಾಕಿದ ಗಡಿಗಳಲ್ಲಿ ಜಗತ್ತಿನ ಅತಿ ಹಳೆಯವುಗಳ ಪೈಕಿ ಇದೂ ಒಂದು. ಊರ ಹೊಲಕ್ಕೆ ಸರ್ವೆಯವರು ಬಂದು ಬಾಂದು ಕಲ್ಲು ನೆಟ್ಟದ್ದನ್ನ ನೋಡಿದವರಿಗೆ ಗೊತ್ತಿರುತ್ತೆ, ಕಲ್ಲಿನ ಆ ಕಡೆ ಬಿದ್ದವನ ಮನೆಯಲ್ಲಿ ಆ ರಾತ್ರಿ ಏನು ನಡೆದಿರುತ್ತೆ ಅಂತ. ಕಂಪನಿಗೆ ಸಿಕ್ಕ ಏಕಸ್ವಾಮ್ಯದ ವಿರುದ್ಧ 1757ರ ಫೆಬ್ರವರಿಯಲ್ಲಿ ಪೋರ್ಟೊದಲ್ಲಿ ಜನ ದಂಗೆ ಎದ್ದರು. ಮಂತ್ರಿ ಹಲವರನ್ನು ಗಲ್ಲಿಗೇರಿಸಿದ.

ಇಷ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತೆ. ಗೋಡೆ ಕಟ್ಟಿದವರ ವಿಷಯ ಮಾತ್ರ ಒಂದೆರಡು ಸಾಲಲ್ಲಿ ಮುಗಿದುಹೋಗುತ್ತೆ.

ಅಲ್ಲಿ ಮಣ್ಣು ಅನ್ನೋದು ಇರಲೇ ಇಲ್ಲ. ಇದ್ದದ್ದು ಶಿಸ್ಟ್ ಅನ್ನೋ ಪದರ ಪದರವಾಗಿ ಸೀಳುವ ಬಂಡೆ. ಹಾರೆ, ಸುತ್ತಿಗೆ, ಆಮೇಲಾಮೇಲೆ ಮದ್ದು ಇಟ್ಟು ಒಡೆದು, ದೊಡ್ಡ ಕಲ್ಲನ್ನು ಗೋಡೆಗೆ ಹಾಕಿ, ಪುಡಿಯನ್ನು ಹಿಂದೆ ತುಂಬಿ ಮಣ್ಣು ಮಾಡಿದರು. ಗೋಡೆಗೆ ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಈ ಕೆಲಸಕ್ಕೆ ಗಡಿಯಾಚೆಯ ಸ್ಪೇನಿನ ಗಲೀಷಿಯದಿಂದ ಬಡವರು ಗುಂಪು ಗುಂಪಾಗಿ ನಡೆದು ಬರ್ತಿದ್ದರು. ಸುಗ್ಗಿಗೆ ಸುತ್ತಲಿನ ಬೆಟ್ಟದ ಹಳ್ಳಿಗಳಿಂದ ಆಳುಗಳು ತಮಟೆಯಂಥ ವಾದ್ಯ ಬಡಿಯುತ್ತಾ ಇಳಿದು ಬರ್ತಿದ್ದರು. ಹೆಂಗಸರು ಗೊಂಚಲು ಕೊಯ್ಯೋದು. ಗಂಡಸರು ಭುಜದ ಮೇಲೆ ಮೆತ್ತೆ ಇಟ್ಟು, 50 ಕಿಲೋಗೂ ಮೀರಿ ತೂಗುವ ಬುಟ್ಟಿ ಹೊತ್ತು, ಸಾಲಾಗಿ ಇಳಿಯೋದು. ನಾನು ಕೈಬೀಸಿಕೊಂಡು ಹತ್ತೋಕೆ ಏದುಸಿರು ಬಿಟ್ಟ ದಾರಿ ಇದೇ. ಅಂಕುಡೊಂಕಾಗಿ ಹೋಗುವ ದಾರಿ ಓಟಗಾರರಿಗೆ 'ಟೆಕ್ನಿಕಲ್' ಅನ್ನಿಸುತ್ತೆ. ಹೊರೆ ಹೊತ್ತವನ ಕಾಲು ಎಷ್ಟು ಎತ್ತರ ಏಳಬಲ್ಲದೋ ಅಷ್ಟೇ ಎತ್ತರಕ್ಕೆ ಅದರ ಮೆಟ್ಟಿಲುಗಳಿವೆ.

ನಮ್ಮ ಅಜ್ಜಿ ತಲೆಮೇಲೆ ಸಿಂಬೆ ಇಟ್ಟು ಗೊಬ್ಬರದ ಮಂಕರಿ ಹೊರುತ್ತಿದ್ದಳು. ಅವಳ ಕಾಲುದಾರಿಯೂ ಹಾಗೇ ಇತ್ತು, ನೇರ ಇರಲಿಲ್ಲ, ಆದರೆ ಎಲ್ಲೂ ಮುಗ್ಗರಿಸುವಂತಿರಲಿಲ್ಲ.

ಬೆಟ್ಟದ ದಾರಿ ಉಳಿದಿದೆ. ನದಿಯ ಪಕ್ಕದ ದಾರಿ ಉಳಿದಿಲ್ಲ. ಪೀಪಾಯಿಗಳನ್ನು ಪೋರ್ಟೊಗೆ ಸಾಗಿಸಲು ರಬೇಲು ಅನ್ನೋ ಚಪ್ಪಟೆ ತಳದ ದೋಣಿಗಳಿದ್ದವು. ಇಳಿಯುವಾಗ ಪ್ರವಾಹ ಎಳೆದೊಯ್ಯುತ್ತಿತ್ತು, ಮೇಲೆ ಬರುವಾಗ ಗಾಳಿ ಕೈಕೊಟ್ಟರೆ ದಡದಲ್ಲಿ ಹಗ್ಗ ಹಿಡಿದು ಮನುಷ್ಯರೋ ಎತ್ತುಗಳೋ ಎಳೆಯಬೇಕು. ವಲೈರ ಅನ್ನೋ ಕಡೆ ನದಿಗೇ ಅಡ್ಡಲಾಗಿ ಬಂಡೆ ಬಿದ್ದಿತ್ತು. ಅದನ್ನು ಒಡೆದು ದಾರಿ ಮಾಡೋಕೆ 1780ರಿಂದ 1792ರವರೆಗೆ ಹನ್ನೆರಡು ವರ್ಷ ಹಿಡಿಯಿತು. ಒಡೆದ ಮೇಲೂ ಅದು ಯಮನ ಬಾಯೇ.

ಆ ಬಾಯಿಗೆ ಸಿಕ್ಕವರಲ್ಲಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಒಬ್ಬ. ಇಂಗ್ಲೆಂಡಿನ ಹಲ್ ಊರಿನವನು, 1831ರಲ್ಲಿ ವೈನ್ ವ್ಯಾಪಾರಕ್ಕೆ ಪೋರ್ಟೊಗೆ ಬಂದವನು. ವ್ಯಾಪಾರಿಗಳು ಸಾಮಾನ್ಯವಾಗಿ ಪೋರ್ಟೊ ಬಿಟ್ಟು ಕದಲುತ್ತಿರಲಿಲ್ಲ, ಇವನು ಕಣಿವೆಯಲ್ಲೇ ಅಲೆದ. ಒಂದೊಂದು ಸುಳಿ, ಒಂದೊಂದು ಬಂಡೆ ಗುರುತಿಸಿ ದೋರು ನದಿಯ ದೊಡ್ಡ ನಕ್ಷೆ ಬರೆದ. ನಾವು ವಾಚ್ ಕಟ್ಟಿಕೊಂಡು ಒಂದು ಗಂಟೆಯಲ್ಲಿ ಮಾಡುವ ಕೆಲಸಕ್ಕೆ ಅವನು ವರ್ಷಗಟ್ಟಲೆ ಇಟ್ಟ. ಪೋರ್ಚುಗಲ್ ಅವನಿಗೆ ಬ್ಯಾರನ್ ಪದವಿ ಕೊಟ್ಟಿತು. 1861ರ ಮೇ 12ರಂದು ಅವನ ದೋಣಿ ಮಗುಚಿದ್ದು ಅದೇ ವಲೈರದಲ್ಲಿ. ಸೊಂಟದಲ್ಲಿ ಕಟ್ಟಿದ್ದ ಚಿನ್ನದ ನಾಣ್ಯಗಳ ಭಾರಕ್ಕೆ ಮುಳುಗಿದ ಅಂತಾರೆ, ಜೊತೆಗಿದ್ದ ದೊಡ್ಡ ತೋಟದೊಡತಿ ದೋನ ಅಂತೋನಿಯ ಫೆರೈರ ಲಂಗ ಅಗಲಕ್ಕೆ ಅರಳಿ ತೇಲಿ ಬದುಕಿದಳು ಅಂತಾರೆ. ಕಥೆಗೆ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಫಾರೆಸ್ಟರ್‌ನ ಹೆಣ ಸಿಗಲಿಲ್ಲ ಅನ್ನೋದು ಮಾತ್ರ ನಿಜ. ಹೆಸರಿಲ್ಲದ ದೋಣಿಯಾಳುಗಳು ಆ ನೀರಲ್ಲಿ ಎಷ್ಟು ಜನ ಹೋದರೋ.

1880ರಲ್ಲಿ ಪಿನ್ಯಾವ್‌ಗೆ ರೈಲು ಬಂತು, ದೋಣಿಗಳ ಕೆಲಸ ಮೆಲ್ಲಗೆ ಕಳೆಯಿತು. 1970ರ ದಶಕದಿಂದ ಒಂದರ ಹಿಂದೊಂದು ಅಣೆಕಟ್ಟು ಎದ್ದವು. ಹಗ್ಗ ಎಳೆದವರ ದಡ ನೀರಿನಡಿ ಹೋಯ್ತು. ನಾನು ನೋಡಿದ ದೋರು ಕನ್ನಡಿ ಹಾಗೆ ಶಾಂತವಾಗಿತ್ತು, ಫೋಟೋಗೆ ಹೇಳಿ ಮಾಡಿಸಿದ ಹಾಗೆ.

ಇನ್ನೂ ಮೇಲೆ ಹತ್ತಿದರೆ ಒಂದು ಕಡೆ ಬಳ್ಳಿ ನಿಂತುಹೋಗುತ್ತೆ. ಗೋಡೆಗಳಿವೆ, ಅವುಗಳ ಮೇಲೆ ಬರೀ ಪೊದೆ, ಅಲ್ಲಲ್ಲಿ ಆಲಿವ್ ಮರ. ಅಲ್ಲಿನವರು ಅದಕ್ಕೆ 'ಮೊರ್ತೋರಿಯು' ಅಂತಾರೆ, ಸತ್ತ ತೋಟ. ಸಾಯಿಸಿದ್ದು ಫಿಲಾಕ್ಸೆರ ಅನ್ನೋ ಒಂದು ಪುಟ್ಟ ಹೇನು. ಅಮೆರಿಕದಿಂದ ಬಂದ ಗಿಡಗಳ ಜೊತೆ ಯುರೋಪಿಗೆ ಬಂದು, 1860ರ ದಶಕದಲ್ಲಿ ದೋರು ಮುಟ್ಟಿ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬೇರು ತಿನ್ನುತ್ತಾ ಕಣಿವೆಯನ್ನೇ ಒಣಗಿಸಿತು. ಕೊನೆಗೆ ಸಿಕ್ಕ ಉಪಾಯ ಅಂದರೆ, ಆ ಹೇನಿಗೆ ಜಗ್ಗದ ಅಮೆರಿಕದ ಬೇರಿನ ಮೇಲೆ ಯುರೋಪಿನ ಬಳ್ಳಿಯ ಕಸಿ. ದುಡ್ಡಿದ್ದವರು ಕಸಿ ಮಾಡಿ ಮತ್ತೆ ಕಟ್ಟಿದರು. ಇಲ್ಲದವರು ಗೋಡೆ ಬಿಟ್ಟು ಹೊರಟರು, ಬಹಳ ಜನ ಹಡಗು ಹತ್ತಿ ಬ್ರೆಜಿಲ್‌ಗೆ.

ಅಲ್ಲಿ ಓಟ ನಿಲ್ಲಿಸಿ ಕೂತೆ. ನಿಜ ಹೇಳ್ತೀನಿ, ಸುಸ್ತಾಗಿ ಅಲ್ಲ. ನಮ್ಮೂರಲ್ಲಿ ಇದಕ್ಕೆ 'ಬೀಳು' ಅಂತೀವಿ. ನಮ್ಮ ಮೇಲಿನ ಹೊಲ ಬೀಳು ಬಿದ್ದು ಆರು ವರ್ಷ ಆಯ್ತು. ಹೇನು ಬರಲಿಲ್ಲ, ರೋಗ ಬರಲಿಲ್ಲ. ನಾನು ಬಿಇ ಮಾಡಿದೆ, ತಮ್ಮ ಬಿಕಾಂ ಮಾಡಿದ, ಅಪ್ಪನಿಗೆ ಮಂಡಿ ನೋವು ಬಂತು, ಅಷ್ಟೇ. ಬ್ರೆಜಿಲ್‌ಗೆ ಹೋದವರ ಮೊಮ್ಮಕ್ಕಳು ಯಾರಾದರೂ ಇವತ್ತು ಶೂ ಕಟ್ಟಿಕೊಂಡು ಇಲ್ಲಿ ಓಡೋಕೆ ಬಂದರೆ, ತಾತನ ಗೋಡೆ ಯಾವುದು ಅಂತ ಅವರಿಗೆ ತೋರಿಸೋರು ಯಾರು?

2001ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಮುಂಚೆಯೇ ಬುಲ್ಡೋಜರ್‌ಗಳು ಬಂದು ಕೆಲವು ಕಡೆ ಗೋಡೆಗಳ ಜಾಗದಲ್ಲಿ ಟ್ರ್ಯಾಕ್ಟರ್ ಓಡುವಷ್ಟು ಅಗಲದ ಮಣ್ಣಿನ ದಿಬ್ಬ ಮಾಡಿದ್ದವು. ಅದನ್ನು ಬಯ್ಯೋದು ಸುಲಭ. ಆದರೆ 50 ಕಿಲೋ ಹೊತ್ತು ಇಳಿಯೋ ಕೆಲಸ ಯಾರಿಗೂ ಬೇಡ ಅಂದರೆ ಟ್ರ್ಯಾಕ್ಟರ್ ಬರಲೇಬೇಕಲ್ವಾ? ಹಳೇ ಗೋಡೆ ಚೆಂದ ಅನ್ನೋದು ಅದನ್ನು ಹತ್ತಿ ಇಳಿದು ದುಡಿಯಬೇಕಿಲ್ಲದ ನನ್ನಂಥವರ ಅಭಿಪ್ರಾಯ.

ಇಳಿದು ಬಂದು ಸ್ಟೇಷನ್ನಿನ ಬೆಂಚಲ್ಲಿ ಕೂತೆ. ಗೋಡೆಗಳ ಮೇಲೆ ನೀಲಿ ಹೆಂಚಿನ ಚಿತ್ರಗಳು, ಕೊಯ್ಲು, ಬುಟ್ಟಿ, ದೋಣಿ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಎದುರಿಗಿದ್ದ ಬೆಟ್ಟ ತೋರಿಸಿದೆ.

"ಅಷ್ಟುದ್ದ ಗೋಡೆಗೆ ಗಾರೆ ಹಾಕವ್ರೇನ್ಲಾ?"

"ಇಲ್ಲ ಕಣಪ್ಪ, ಬರೀ ಕಲ್ಲು."

"ಹಂಗಾರೆ ಸರಿ. ಸಂದಿಲಿ ನೀರು ಹೋಯ್ತದೆ, ಗ್ವಾಡೆ ನಿಂತ್ಕಂತದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಮೊನ್ನೆ ಸೈಕ್ಲೋನ್ ಮಳೆಗೆ ಮ್ಯಾಲಿನ ಹೊಲದ್ ಬದ ಎಲ್ಡು ಮಾರು ಕಿತ್ಕಂಡ್ ಹೋಗೈತೆ. ಬಂದಾಗ ಒಂದ್ ಗಳಿಗೆ ಬಾ, ಕಲ್ಲು ಅಲ್ಲೇ ಬಿದ್ದವೆ."