ಶಿಲುಬೆ: ಮರಣದಂಡನೆಯ ಮರ ಭರವಸೆಯ ಚಿಹ್ನೆಯಾದ ಬಗೆ

ಕ್ರೈಸ್ತ ಧರ್ಮವನ್ನು ಒಂದೇ ಚಿಹ್ನೆಯಿಂದ ಗುರುತಿಸುವುದಾದರೆ ಅದು ಶಿಲುಬೆ. ಇಗರ್ಜಿಯ ಗೋಪುರದ ತುದಿ, ಬಲಿಪೀಠ, ಧರ್ಮಾಧ್ಯಕ್ಷರ ಎದೆಯ ಪದಕ, ಮನೆಯ ಗೋಡೆ, ಸಮಾಧಿಯ ಕಲ್ಲು ಹೀಗೆ ಎಲ್ಲೆಡೆ ಕಾಣಸಿಗುವ ಈ ಆಕಾರ ಇಂದು ಯಾರಲ್ಲಿಯೂ ಭಯ ಹುಟ್ಟಿಸುವುದಿಲ್ಲ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ಶಿಲುಬೆಯೆಂದರೆ ಅಪರಾಧಿಯನ್ನು ಸಾರ್ವಜನಿಕವಾಗಿ ಕೊಲ್ಲುವ ಸಾಧನವಾಗಿತ್ತು. ಅಂತಹ ವಸ್ತುವೊಂದು ಕೋಟ್ಯಂತರ ಜನರ ಭರವಸೆಯ ಸಂಕೇತವಾದದ್ದು ಹೇಗೆ ಎಂಬುದನ್ನು ಅರಿಯದೆ ಅದರ ಅರ್ಥ ತಿಳಿಯುವುದು ಕಷ್ಟ.

ಪದದ ಮೂಲ

ಕನ್ನಡದ 'ಶಿಲುಬೆ' ಶಬ್ದ ಸಿರಿಯಾಕ್ ಭಾಷೆಯ 'ಸ್ಲೀಬಾ' ಪದದಿಂದ ಬಂದುದು. ತಮಿಳಿನ 'ಸಿಲುವೈ', ಕೇರಳದ ಸಿರಿಯನ್ ಕ್ರೈಸ್ತರ 'ಸ್ಲೀವಾ' ಇದೇ ಮೂಲದವು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಬಳಸುವ 'ಖುರಿಸ್' ಪದ ಪೋರ್ಚುಗೀಸರ 'ಕ್ರೂಜ್'ನಿಂದ ಬಂದಿದೆ. ಪೂರ್ವದ ಸಿರಿಯಾಕ್ ಪರಂಪರೆ ಮತ್ತು ಪಶ್ಚಿಮದ ಪೋರ್ಚುಗೀಸ್ ಪರಂಪರೆ ಎಂಬ ಎರಡು ಹಾದಿಗಳಲ್ಲಿ ಕ್ರೈಸ್ತ ಧರ್ಮ ದಕ್ಷಿಣ ಭಾರತವನ್ನು ತಲುಪಿದುದರ ಗುರುತು ಈ ಎರಡು ಶಬ್ದಗಳಲ್ಲಿ ಉಳಿದಿದೆ.

ಅವಮಾನದ ಮರಣ

ರೋಮನ್ ಸಾಮ್ರಾಜ್ಯದಲ್ಲಿ ಶಿಲುಬೆಯ ಶಿಕ್ಷೆ ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ ಮತ್ತು ಪರದೇಶಿಯರಿಗೆ ಮೀಸಲಾಗಿತ್ತು. ರೋಮನ್ ಪ್ರಜೆಗಳಿಗೆ ಸಾಮಾನ್ಯವಾಗಿ ಇದರಿಂದ ವಿನಾಯಿತಿ ಇತ್ತು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್ ನೇತೃತ್ವದ ಗುಲಾಮರ ದಂಗೆಯನ್ನು ಹತ್ತಿಕ್ಕಿದ ನಂತರ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಾಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಲಾಯಿತು. ಕೊಲ್ಲುವುದಷ್ಟೇ ಈ ಶಿಕ್ಷೆಯ ಉದ್ದೇಶವಾಗಿರಲಿಲ್ಲ. ನೋಡುವವರಲ್ಲಿ ಭೀತಿ ಹುಟ್ಟಿಸುವುದು ಮತ್ತು ಸಾಯುವವನ ಮಾನವನ್ನು ಪೂರ್ಣವಾಗಿ ಕಳೆಯುವುದು ಅದರ ಗುರಿಯಾಗಿತ್ತು. ಜೆರುಸಲೇಮ್ ಬಳಿ 1968ರಲ್ಲಿ ದೊರೆತ ಮೊದಲನೆಯ ಶತಮಾನದ ಅಸ್ಥಿಪೆಟ್ಟಿಗೆಯೊಂದರಲ್ಲಿ, ಕಬ್ಬಿಣದ ಮೊಳೆ ಇನ್ನೂ ನಾಟಿಕೊಂಡೇ ಇದ್ದ ಹಿಮ್ಮಡಿಯ ಮೂಳೆ ಪತ್ತೆಯಾಯಿತು.

ಯೇಸುಕ್ರಿಸ್ತನನ್ನು ಸುಮಾರು ಕ್ರಿ.ಶ. 30ರಿಂದ 33ರ ನಡುವೆ, ರೋಮನ್ ಅಧಿಪತಿ ಪೊಂತ್ಯ ಪಿಲಾತನ ಆಜ್ಞೆಯಂತೆ ಜೆರುಸಲೇಮ್ ನಗರದ ಹೊರಗಿನ ಗೊಲ್ಗೊಥಾ ಎಂಬಲ್ಲಿ ಶಿಲುಬೆಗೇರಿಸಲಾಯಿತು. 'ಯೆಹೂದ್ಯರ ಅರಸ' ಎಂಬ ಆರೋಪಫಲಕವನ್ನು ಹೀಬ್ರೂ, ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಬರೆದು ಶಿಲುಬೆಗೆ ತೂಗುಹಾಕಲಾಗಿತ್ತೆಂದು ಯೊವಾನ್ನನ ಸುವಾರ್ತೆ ಹೇಳುತ್ತದೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂಬುದು ಯೆಹೂದ್ಯ ಧರ್ಮಶಾಸ್ತ್ರದ ಮಾತು. ರೋಮನ್ನರಿಗೆ ಆತ ಸೋತುಹೋದ ಅಪರಾಧಿ. ಇಂತಹ ವ್ಯಕ್ತಿಯನ್ನು ಲೋಕರಕ್ಷಕನೆಂದು ಸಾರುವುದು ಯೆಹೂದ್ಯರಿಗೆ ಎಡವುಗಲ್ಲು, ಇತರರಿಗೆ ಹುಚ್ಚುತನ ಎಂಬ ಅರಿವು ಸಂತ ಪೌಲನಿಗೆ ಸ್ಪಷ್ಟವಾಗಿಯೇ ಇತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅವನು ಈ ಮಾತನ್ನು ಮರೆಮಾಚದೆ ಒಪ್ಪಿಕೊಂಡು, ದೇವರ ಶಕ್ತಿ ವ್ಯಕ್ತವಾದುದು ಅಲ್ಲಿಯೇ ಎಂದು ವಾದಿಸಿದ್ದಾನೆ. ಶಿಲುಬೆಯನ್ನು ಕುರಿತ ಕ್ರೈಸ್ತ ಚಿಂತನೆ ಆರಂಭವಾಗುವುದು ಈ ವಾದದಿಂದ.

ಚಿತ್ರಿಸಲು ಹಿಂಜರಿಕೆ

ಮೊದಲ ಮೂರು ಶತಮಾನಗಳಲ್ಲಿ ಕ್ರೈಸ್ತರು ಶಿಲುಬೆಯನ್ನು ಬಹಿರಂಗವಾಗಿ ಚಿತ್ರಿಸಿದ್ದು ಅಪರೂಪ. ರೋಮ್‌ನ ನೆಲದಡಿಯ ಸಮಾಧಿ ಸುರಂಗಗಳಲ್ಲಿ ಹೆಚ್ಚಾಗಿ ಕಾಣುವುದು ಮೀನು, ಲಂಗರು ಹಾಗೂ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಚಿತ್ರಗಳು. ಕಣ್ಣೆದುರು ಇನ್ನೂ ಜಾರಿಯಲ್ಲಿದ್ದ ಶಿಕ್ಷೆಯೊಂದನ್ನು ಗೋಡೆಯ ಮೇಲೆ ಬರೆಯುವುದು ಸುಲಭವಾಗಿರಲಿಲ್ಲ.

ಶಿಲುಬೆಗೇರಿದ ಯೇಸುವಿನ ಅತ್ಯಂತ ಹಳೆಯ ಚಿತ್ರಗಳಲ್ಲೊಂದನ್ನು ಬಿಡಿಸಿದವನು ಭಕ್ತನಲ್ಲ, ಅಪಹಾಸ್ಯ ಮಾಡಿದವನು ಎಂಬುದು ಗಮನಾರ್ಹ. ರೋಮ್‌ನ ಪಾಲಟೈನ್ ಗುಡ್ಡದ ಕಟ್ಟಡವೊಂದರಲ್ಲಿ 1857ರಲ್ಲಿ ದೊರೆತ ಗೋಡೆಬರಹದಲ್ಲಿ ಕತ್ತೆಯ ತಲೆಯ ಮನುಷ್ಯನೊಬ್ಬ ಶಿಲುಬೆಯ ಮೇಲಿದ್ದಾನೆ. ಕೆಳಗೆ ಒಬ್ಬ ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬ ಅರ್ಥದ ಗ್ರೀಕ್ ಬರಹ ಪಕ್ಕದಲ್ಲಿದೆ. ಇದು ಸುಮಾರು ಕ್ರಿ.ಶ. 200ರ ಕಾಲದ್ದೆಂದು ಅಂದಾಜಿಸಲಾಗಿದೆ.

ಚಿತ್ರ ಇರಲಿಲ್ಲವೆಂದ ಮಾತ್ರಕ್ಕೆ ಚಿಹ್ನೆಯೇ ಇರಲಿಲ್ಲವೆಂದಲ್ಲ. ಕ್ರೈಸ್ತರು ಮನೆಯಿಂದ ಹೊರಡುವಾಗ, ಊಟಕ್ಕೆ ಕೂರುವಾಗ, ದೀಪ ಹಚ್ಚುವಾಗ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರೆಂದು ಉತ್ತರ ಆಫ್ರಿಕಾದ ಲೇಖಕ ತೆರ್ತುಲಿಯನ್ ಮೂರನೆಯ ಶತಮಾನದ ಆರಂಭದಲ್ಲಿಯೇ ದಾಖಲಿಸಿದ್ದಾನೆ. ಗೋಡೆಯ ಮೇಲೆ ಬಹಿರಂಗವಾಗಿ ಮೂಡುವ ಮೊದಲು ಶಿಲುಬೆ ದೈನಂದಿನ ಬದುಕಿನ ಮೌನ ಪ್ರಾರ್ಥನೆಯಾಗಿತ್ತು.

ಸಾಮ್ರಾಟನ ಕಾಲ

ಪರಿಸ್ಥಿತಿ ಬದಲಾದುದು ನಾಲ್ಕನೆಯ ಶತಮಾನದಲ್ಲಿ. ಕ್ರಿ.ಶ. 312ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ನಡೆದ ಯುದ್ಧಕ್ಕೆ ಮುನ್ನ ಕಾನ್‌ಸ್ಟಂಟೈನ್ ಆಕಾಶದಲ್ಲಿ ಶಿಲುಬೆಯ ದರ್ಶನ ಪಡೆದನೆಂದು ಚರಿತ್ರೆಕಾರ ಯುಸೇಬಿಯಸ್ ಬರೆದಿದ್ದಾನೆ. ಮರುವರ್ಷ ಕ್ರೈಸ್ತರಿಗೆ ಧಾರ್ಮಿಕ ಸ್ವಾತಂತ್ರ್ಯ ದೊರೆಯಿತು. ಕಾನ್‌ಸ್ಟಂಟೈನ್ ಶಿಲುಬೆಯ ಶಿಕ್ಷೆಯನ್ನು ರದ್ದುಪಡಿಸಿದನೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ಜೆರುಸಲೇಮ್‌ನಲ್ಲಿ ಯೇಸುವಿನ ಮರಣ ಹಾಗೂ ಸಮಾಧಿಯ ಸ್ಥಳವೆಂದು ನಂಬಲಾದಲ್ಲಿ ಅವನು ಕಟ್ಟಿಸಿದ ಮಹಾದೇವಾಲಯ 335ರಲ್ಲಿ ಪ್ರತಿಷ್ಠಾಪನೆಗೊಂಡಿತು. ಅವನ ತಾಯಿ ಹೆಲೆನಾ ಅಲ್ಲಿ ನಿಜ ಶಿಲುಬೆಯನ್ನು ಕಂಡುಹಿಡಿದಳೆಂಬ ಐತಿಹ್ಯ ಆ ಶತಮಾನದ ಕೊನೆಗೆ ಪ್ರಚಾರಕ್ಕೆ ಬಂದಿತು. ಈಗಲೂ ಸೆಪ್ಟೆಂಬರ್ 14ರಂದು ಶಿಲುಬೆಯ ಮಹಿಮೆಯ ಹಬ್ಬವನ್ನು ಆಚರಿಸಲಾಗುತ್ತದೆ.

ಶಿಕ್ಷೆ ನೆನಪಿನಿಂದ ಮರೆಯಾದ ಮೇಲೆಯೇ ಕಲೆಯಲ್ಲಿ ಅದರ ಚಿತ್ರ ನೆಲೆಯೂರಿತು. ರೋಮ್‌ನ ಸಂತ ಸಬೀನಾ ಇಗರ್ಜಿಯ ಐದನೆಯ ಶತಮಾನದ ಮರದ ಬಾಗಿಲಿನಲ್ಲಿ ಕಣ್ತೆರೆದು ನೆಟ್ಟಗೆ ನಿಂತ ಯೇಸುವಿದ್ದಾನೆ. ಜರ್ಮನಿಯ ಕೊಲೋನ್ ಮಹಾದೇವಾಲಯದಲ್ಲಿರುವ, ಹತ್ತನೆಯ ಶತಮಾನದ ಗೆರೋ ಶಿಲುಬೆಯಲ್ಲಾದರೋ ತಲೆ ಬಾಗಿದೆ, ಕಣ್ಣು ಮುಚ್ಚಿದೆ, ದೇಹ ಜೋತುಬಿದ್ದಿದೆ. ಸಾವನ್ನು ಗೆದ್ದ ಅರಸನಿಂದ ನೋವುಂಡ ಮನುಷ್ಯನತ್ತ ಭಕ್ತರ ದೃಷ್ಟಿ ಹೊರಳಿದುದನ್ನು ಈ ಎರಡು ಕೃತಿಗಳು ತೋರಿಸುತ್ತವೆ.

ವಿಶ್ವಾಸದಲ್ಲಿ ಶಿಲುಬೆಯ ಅರ್ಥ

ಯೇಸುವಿನ ಮರಣ ಮಾನವರ ಪಾಪವಿಮೋಚನೆಗಾಗಿ ಎಂಬುದು ಎಲ್ಲ ಮುಖ್ಯ ಕ್ರೈಸ್ತ ಪಂಗಡಗಳ ಸಮಾನ ನಂಬಿಕೆ. ಆ ಮರಣದಿಂದ ವಿಮೋಚನೆ ಹೇಗೆ ಸಿದ್ಧಿಸಿತು ಎಂಬುದಕ್ಕೆ ಮಾತ್ರ ಒಂದೇ ವಿವರಣೆಯಿಲ್ಲ. ಪ್ರಾಚೀನ ಸಭಾಪಿತೃಗಳು ಇದನ್ನು ಪಾಪ ಮತ್ತು ಮರಣದ ಮೇಲಿನ ವಿಜಯವೆಂದು ಕಂಡರು. ಕ್ಯಾಂಟರ್‌ಬರಿಯ ಸಂತ ಅನ್ಸೆಲ್ಮ್ 1098ರ ಸುಮಾರಿಗೆ ಮುಗಿಸಿದ ಕೃತಿಯಲ್ಲಿ, ಪಾಪದಿಂದ ದೇವರ ಗೌರವಕ್ಕಾದ ಚ್ಯುತಿಯನ್ನು ಕ್ರಿಸ್ತನು ತುಂಬಿಕೊಟ್ಟನೆಂದು ವಾದಿಸಿದ. ಹನ್ನೆರಡನೆಯ ಶತಮಾನದ ಪೀಟರ್ ಅಬೆಲಾರ್ಡ್, ದೇವರ ಪ್ರೀತಿಯ ಪರಮಾವಧಿಯನ್ನು ತೋರಿಸಿ ಮನುಷ್ಯನ ಹೃದಯದಲ್ಲಿ ಪ್ರತಿಪ್ರೀತಿಯನ್ನು ಹುಟ್ಟಿಸುವುದೇ ಶಿಲುಬೆಯ ಶಕ್ತಿಯೆಂದ. ಶಿಷ್ಯನಾಗಬಯಸುವವನು ತನ್ನ ಶಿಲುಬೆಯನ್ನು ಹೊತ್ತು ನಡೆಯಬೇಕೆಂಬ ಸುವಾರ್ತೆಯ ಬೋಧನೆಯಿಂದ ಮತ್ತೊಂದು ಅರ್ಥ ಸೇರಿಕೊಂಡಿತು: ಶಿಲುಬೆ ನಂಬಬೇಕಾದ ತತ್ತ್ವ ಮಾತ್ರವಲ್ಲ, ಬದುಕಬೇಕಾದ ರೀತಿಯೂ ಹೌದು.

ದೇಹವಿರುವ ಶಿಲುಬೆ, ಖಾಲಿ ಶಿಲುಬೆ

ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಸಾಮಾನ್ಯವಾಗಿ ಯೇಸುವಿನ ದೇಹವಿರುವ ಶಿಲುಬೆಯೂ, ಹೆಚ್ಚಿನ ಪ್ರೊಟೆಸ್ಟೆಂಟ್ ಇಗರ್ಜಿಗಳಲ್ಲಿ ಖಾಲಿ ಶಿಲುಬೆಯೂ ಇರುತ್ತದೆ. ಮೊದಲನೆಯದು ತ್ಯಾಗವನ್ನು ನೆನಪಿಸಿದರೆ, ಎರಡನೆಯದು ಪುನರುತ್ಥಾನಕ್ಕೆ ಒತ್ತು ಕೊಡುತ್ತದೆ. ಲೂಥರನ್ ಸಭೆಗಳು ಮಾತ್ರ ದೇಹವಿರುವ ಶಿಲುಬೆಯನ್ನು ಕೈಬಿಡಲಿಲ್ಲ. ರಷ್ಯದ ಆರ್ಥೊಡಾಕ್ಸ್ ಶಿಲುಬೆಗೆ ಮೂರು ಅಡ್ಡಪಟ್ಟಿಗಳು. ಮೇಲಿನದು ಆರೋಪಫಲಕ, ಓರೆಯಾಗಿರುವ ಕೆಳಗಿನದು ಪಾದಪೀಠ. ಶಿಲುಬೆಯ ಗುರುತನ್ನು ಪಶ್ಚಿಮದ ಕ್ರೈಸ್ತರು ಎಡ ಭುಜದಿಂದ ಬಲಕ್ಕೂ, ಆರ್ಥೊಡಾಕ್ಸರು ಬಲದಿಂದ ಎಡಕ್ಕೂ ಹಾಕಿಕೊಳ್ಳುತ್ತಾರೆ.

ದಕ್ಷಿಣ ಭಾರತದ ಪ್ರಾಚೀನ ಶಿಲುಬೆಗಳೂ ಖಾಲಿಯೇ. ಚೆನ್ನೈನ ಸಂತ ತೋಮಾ ಬೆಟ್ಟದಲ್ಲಿ 1547ರಲ್ಲಿ ಪತ್ತೆಯಾದ, ಕೇರಳದ ಕೊಟ್ಟಾಯಂನಲ್ಲಿಯೂ ಇರುವ ಈ ಬಗೆಯ ಕಲ್ಲಿನ ಶಿಲುಬೆಗಳ ಸುತ್ತ ಪಹ್ಲವಿ ಲಿಪಿಯ ಬರಹವಿದೆ. ತುದಿಗಳು ಮೊಗ್ಗಿನಂತೆ ಅರಳಿವೆ; ಮೇಲೆ ಪಾರಿವಾಳ ಇಳಿಯುತ್ತಿದೆ. ಇಲ್ಲಿ ಶಿಲುಬೆ ಕೊಲ್ಲುವ ಮರವಲ್ಲ, ಚಿಗುರುವ ಮರ. ಕನ್ನಡ ಸಾಹಿತ್ಯಕ್ಕೂ ಈ ವಸ್ತು ಹೊರಗಿನದಲ್ಲ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ ಅವರು ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನೇ ರಚಿಸಿದ್ದಾರೆ.

ಆಚರಣೆಯಲ್ಲಿ

ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಶುಭ ಶುಕ್ರವಾರದಂದು ಬಲಿಪೂಜೆ ಇರುವುದಿಲ್ಲ. ಯಾತನೆಯ ವೃತ್ತಾಂತದ ವಾಚನದ ನಂತರ ಶಿಲುಬೆಯನ್ನು ಜನರ ಮುಂದೆ ಎತ್ತಿಹಿಡಿಯಲಾಗುತ್ತದೆ. ಭಕ್ತರು ಸಾಲಾಗಿ ಬಂದು ಅದಕ್ಕೆ ಮುತ್ತಿಡುತ್ತಾರೆ ಅಥವಾ ಮಂಡಿಯೂರಿ ನಮಿಸುತ್ತಾರೆ. ಇಂತಹ ಆಚರಣೆ ಜೆರುಸಲೇಮ್‌ನಲ್ಲಿ ನಾಲ್ಕನೆಯ ಶತಮಾನದಲ್ಲಿಯೇ ಇದ್ದುದನ್ನು ಎಗೇರಿಯಾ ಎಂಬ ಯಾತ್ರಿಕಳು ಬರೆದಿಟ್ಟಿದ್ದಾಳೆ. ತಪಸ್ಸುಕಾಲದಲ್ಲಿ ನಡೆಸುವ ಶಿಲುಬೆಯ ಹಾದಿಯ 14 ಸ್ಥಳಗಳ ಸಂಖ್ಯೆಯನ್ನು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಖಚಿತಪಡಿಸಿದರು. ನಮನ ಸಲ್ಲುವುದು ಮರಕ್ಕಲ್ಲ, ಅದರ ಮೇಲೆ ಪ್ರಾಣಬಿಟ್ಟವನಿಗೆ ಎಂಬುದು ಧರ್ಮಸಭೆಯ ನಿಲುವು.

ಅಧಿಕಾರದ ಗುರುತೇ, ನೊಂದವರ ಗುರುತೇ?

ಶಿಲುಬೆ ರಾಜ್ಯಾಧಿಕಾರದ ಜೊತೆ ಸೇರಿದಾಗಲೆಲ್ಲ ಅದರ ಅರ್ಥದ ಬಗ್ಗೆ ಪ್ರಶ್ನೆಗಳೆದ್ದಿವೆ. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕರೆಕೊಟ್ಟ ಧರ್ಮಯುದ್ಧಕ್ಕೆ ಹೊರಟವರು ಬಟ್ಟೆಯ ಮೇಲೆ ಶಿಲುಬೆಯನ್ನು ಹೊಲಿದುಕೊಂಡಿದ್ದರು. ಅಮೆರಿಕದಲ್ಲಿ 1915ರ ನಂತರ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಸಂಘಟನೆ ಕರಿಯರನ್ನು ಬೆದರಿಸಲು ಉರಿಯುವ ಶಿಲುಬೆಯನ್ನು ಬಳಸಿತು. ಅದೇ ದೇಶದ ಕಪ್ಪುವರ್ಣೀಯ ದೈವಶಾಸ್ತ್ರಜ್ಞ ಜೇಮ್ಸ್ ಕೋನ್ 2011ರ ತಮ್ಮ ಗ್ರಂಥದಲ್ಲಿ, ಯೇಸುವಿನ ಶಿಲುಬೆಯನ್ನೂ ಕರಿಯರನ್ನು ಗುಂಪುಗೂಡಿ ಕೊಂದು ನೇತುಹಾಕಿದ ಮರವನ್ನೂ ಒಟ್ಟಿಗೆ ನೋಡದೆ ಅಮೆರಿಕದ ಕ್ರೈಸ್ತರಿಗೆ ಶಿಲುಬೆ ಅರ್ಥವಾಗದು ಎಂದು ಪ್ರತಿಪಾದಿಸಿದರು.

ಯುರೋಪಿನಲ್ಲಿ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಇಟಲಿಯ ಸರ್ಕಾರಿ ಶಾಲೆಗಳ ತರಗತಿಗಳಲ್ಲಿ ಶಿಲುಬೆ ಇರಿಸುವುದು ಹಕ್ಕುಗಳ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. 2011ರಲ್ಲಿ ಅದರ ವಿಸ್ತೃತ ಪೀಠ ಆ ತೀರ್ಪನ್ನು ತಿರುವುಮುರುವು ಮಾಡಿತು. ಜರ್ಮನಿಯ ಬವೇರಿಯಾ ರಾಜ್ಯ 2018ರಲ್ಲಿ ಸರ್ಕಾರಿ ಕಚೇರಿಗಳ ಪ್ರವೇಶದ್ವಾರದಲ್ಲಿ ಶಿಲುಬೆ ಹಾಕಬೇಕೆಂದು ಆದೇಶಿಸಿ, ಅದನ್ನು ಪ್ರಾಂತದ ಸಂಸ್ಕೃತಿಯ ಗುರುತೆಂದು ಸಮರ್ಥಿಸಿಕೊಂಡಿತು. ಅದನ್ನು ಟೀಕಿಸಿದವರಲ್ಲಿ ಮ್ಯೂನಿಕ್‌ನ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ ಅವರೇ ಪ್ರಮುಖರು. ಶಿಲುಬೆಯನ್ನು ಕೇವಲ ಸಾಂಸ್ಕೃತಿಕ ಚಿಹ್ನೆಯಾಗಿ ನೋಡುವವರು ಅದನ್ನು ಅರ್ಥಮಾಡಿಕೊಂಡಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು.

ಇದಕ್ಕೆ ಪ್ರತಿಯಾಗಿ ನಿಲ್ಲುವ ನಿದರ್ಶನ ಇಂಗ್ಲೆಂಡಿನ ಕೊವೆಂಟ್ರಿಯದು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳ ಬಾಂಬ್ ದಾಳಿಗೆ ಅಲ್ಲಿನ ಮಧ್ಯಯುಗದ ಮಹಾದೇವಾಲಯ ನಾಶವಾಯಿತು. ಸುಟ್ಟ ತೊಲೆಗಳೆರಡನ್ನು ಕಟ್ಟಿ ಶಿಲುಬೆಯಾಗಿ ನಿಲ್ಲಿಸಲಾಯಿತು. ಕುಸಿದ ಮಾಡಿನ ಮೊಳೆಗಳಿಂದ ಇನ್ನೊಂದು ಶಿಲುಬೆಯನ್ನು ರೂಪಿಸಲಾಯಿತು. ಯುದ್ಧ ಮುಗಿದ ಮೇಲೆ ಇಂತಹ ಮೊಳೆಯ ಶಿಲುಬೆಗಳನ್ನು ಕೊವೆಂಟ್ರಿಯ ಕ್ರೈಸ್ತರು ಜರ್ಮನಿಯ ಇಗರ್ಜಿಗಳಿಗೆ ಕಳುಹಿಸಿಕೊಟ್ಟರು. ಬ್ರಿಟಿಷ್ ಬಾಂಬುಗಳಿಗೆ 1943ರಲ್ಲಿ ತುತ್ತಾಗಿದ್ದ ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸ್ಮಾರಕ ಇಗರ್ಜಿಯ ಭಗ್ನ ಗೋಪುರದಲ್ಲಿ ಅವುಗಳಲ್ಲೊಂದು ಇದೆ.