ಪ್ರವಾಸ ಕೈಪಿಡಿಗಳ ಪ್ರಾಮಾಣ್ಯ: ಒಂದು ಐತಿಹಾಸಿಕ ವಿವೇಚನೆ

ಪರದೇಶಕ್ಕೆ ಹೊರಟವನು ಯಾವ ಕೈಪಿಡಿಯನ್ನು ನಂಬಬೇಕು? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಯುರೋಪು ನೀಡಿದ ಉತ್ತರವನ್ನು ನಾವು ಇಲ್ಲಿ ಪರಿಶೀಲಿಸುವೆವು.

ಜರ್ಮನಿಯ ಕೋಬ್ಲೆನ್ಸ್ ನಗರದ ಪ್ರಕಾಶಕನಾದ ಕಾರ್ಲ್ ಬೇಡೆಕರನು ರೈನ್ ನದಿಯ ಪ್ರವಾಸವನ್ನು ಕುರಿತ ಹಳೆಯ ಗ್ರಂಥವೊಂದನ್ನು 1835ರಲ್ಲಿ ಪರಿಷ್ಕರಿಸಿ ಹೊರತಂದನು. ಮರುವರ್ಷವೇ ಲಂಡನ್ನಿನ ಜಾನ್ ಮರ್ರೆಯು ತಾನು ಸ್ವತಃ ಸಂಚರಿಸಿ ಸಂಗ್ರಹಿಸಿದ ಟಿಪ್ಪಣಿಗಳ ಆಧಾರದಿಂದ ಯುರೋಪು ಖಂಡದ ಕೈಪಿಡಿಯನ್ನು ಪ್ರಕಟಿಸಿದನು. ಹಬೆಹಡಗು, ರೈಲುಗಳಿಂದ ಪ್ರವಾಸವು ಮಧ್ಯಮವರ್ಗಕ್ಕೂ ಸುಲಭವಾಗುತ್ತಿದ್ದ ಕಾಲವದು. ಬಾಡಿಗೆಯ ಮಾರ್ಗದರ್ಶಕರ ಹಂಗಿನಿಂದ ಪ್ರವಾಸಿಯನ್ನು ಬಿಡಿಸುವುದೇ ಬೇಡೆಕರನ ಉದ್ದೇಶವಾಗಿದ್ದಿತು. ಆದುದರಿಂದಲೇ ವಸತಿಗೃಹಗಳ ದರ, ಮಾರ್ಗ, ನಕಾಶೆಗಳಿಗೆ ಆತನ ಗ್ರಂಥಗಳಲ್ಲಿ ಪ್ರಾಧಾನ್ಯ ದೊರೆಯಿತು. ವಿಶೇಷ ದರ್ಶನೀಯ ಸ್ಥಳಗಳಿಗೆ ನಕ್ಷತ್ರಚಿಹ್ನೆಯೂ ಬಂದಿತು. ಕಾಲಕಾಲಕ್ಕೆ ನಡೆದ ಪರಿಷ್ಕರಣವೇ ಅವುಗಳ ಕೀರ್ತಿಗೆ ಮುಖ್ಯ ಕಾರಣ.

1859ರಲ್ಲಿ ಮರ್ರೆ ಸಂಸ್ಥೆಯು ಮದರಾಸು ಮತ್ತು ಮುಂಬಯಿ ಪ್ರಾಂತಗಳಿಗೂ ಕೈಪಿಡಿಯನ್ನು ಹೊರಡಿಸಿತು. ಅದು ಆಂಗ್ಲ ಪ್ರವಾಸಿಯನ್ನು ಕುರಿತು ಬರೆದುದು. ಈ ದೇಶದವರ ಯಾತ್ರೆಯ ದೃಷ್ಟಿ ಅದಕ್ಕಿರಲಿಲ್ಲ. ಕೈಪಿಡಿಯು ಯಾರಿಗಾಗಿ ರಚಿತವಾಯಿತೆಂಬುದನ್ನು ಮೊದಲು ವಿಚಾರಿಸಬೇಕೆಂಬ ಪಾಠವು ಇದರಿಂದ ದೊರೆಯುತ್ತದೆ.

ಈ ಪ್ರಾಮಾಣ್ಯಕ್ಕೆ ಕರಾಳ ಮುಖವೂ ಉಂಟು. 1942ರಲ್ಲಿ ಜರ್ಮನ್ ವಿಮಾನಗಳು ಎಕ್ಸೆಟರ್, ಬಾತ್, ನಾರ್ವಿಚ್, ಯಾರ್ಕ್, ಕ್ಯಾಂಟರ್‌ಬರಿ ಮೊದಲಾದ ಪುರಾತನ ನಗರಗಳ ಮೇಲೆ ಬಾಂಬುಗಳನ್ನು ಸುರಿಸಿದವು. ಆ ದಾಳಿಗಳಿಗೆ ಬೇಡೆಕರನ ಹೆಸರೇ ಅಂಟಿತು. 1943ರ ಡಿಸೆಂಬರಿನಲ್ಲಿ ಲೈಪ್‌ಜಿಗ್ ನಗರದ ಮೇಲೆ ನಡೆದ ಬ್ರಿಟಿಷ್ ದಾಳಿಯಲ್ಲಿ ಬೇಡೆಕರ್ ಸಂಸ್ಥೆಯ ಕಟ್ಟಡವೂ ನಾಶವಾಯಿತು.

ಪ್ರತ್ಯಕ್ಷಾನುಭವ, ಇತ್ತೀಚಿನ ಪರಿಷ್ಕರಣ, ಓದುಗನ ಅಗತ್ಯದ ಅರಿವು, ಈ ಮೂರೇ ಉತ್ತಮ ಕೈಪಿಡಿಯ ಲಕ್ಷಣಗಳೆಂದು ನಾವು ಭಾವಿಸುತ್ತೇವೆ. ನಕ್ಷತ್ರಗಳು ದಾರಿ ತೋರಿಯಾವು. ನೋಡುವ ಕಣ್ಣು ಪ್ರವಾಸಿಯದೇ ಆಗಿರಬೇಕು.