ಗಂಡ-ಹೆಂಡಿರ ನಡುವೆ ಯಾರನ್ನು ಕೂಡಿಸಬೇಕು?



ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವೆ. ಉಂಡು ಮಲಗಿದರೂ ತೀರದ್ದು ಪಂಚರ ಕಟ್ಟೆಗೆ ಹೋಗುತ್ತಿತ್ತು. ಅಲ್ಲಿ ಕೂಡುವವರು ಯಾರು? ಮಾವ, ಭಾವ, ಊರ ಗೌಡ. ಹೆಣ್ಣುಮಗಳ ಮಾತು ಬಾಗಿಲ ಹಿಂದೆಯೇ ಉಳಿಯುತ್ತಿತ್ತು.

ನಮ್ಮ ಕೊಲ್ಹಾಪುರದ ಶಾಹೂ ಮಹಾರಾಜರು 1919ರಲ್ಲೇ ಹೆಂಗಸರ ಮೇಲಿನ ಕ್ರೌರ್ಯ ತಡೆಯಲು, ಕಾಡೀಮೋಡಕ್ಕೆ ಕಾಯದೆ ಮಾಡಿದರು. ಪಕ್ಕದ ಮುಂಬಯಿ ಪ್ರಾಂತದಲ್ಲಿ ಹಿಂದೂ ವಿಚ್ಛೇದನ ಕಾಯದೆ ಬಂದದ್ದು 1947ರಲ್ಲಿ. ಲೆಕ್ಕ ಹಾಕಿರಿ, 28 ವರ್ಷ ಹಿಂದೆ!

1955ರ ಹಿಂದೂ ವಿವಾಹ ಕಾಯದೆ ರಾಜಿಗೆ ಯತ್ನಿಸುವ ಕೆಲಸವನ್ನು ನ್ಯಾಯಾಧೀಶರಿಗೆ ಹಚ್ಚಿತು. ಆಪ್ತಸಲಹೆಗಾರರಿಗೆ ಕುರ್ಚಿ ಸಿಕ್ಕಿದ್ದು 1984ರ ಕುಟುಂಬ ನ್ಯಾಯಾಲಯ ಕಾಯದೆಯಿಂದ.

ನನಗೆ ಹೆಚ್ಚು ಹಿಡಿಸಿದ್ದು ಕೌಟುಂಬಿಕ ಹಿಂಸೆ ಕಾಯದೆಯ 2006ರ ನಿಯಮಗಳು. ಎರಡೂ ಕಡೆಯ ಬೀಗರು ಸಲಹೆಗಾರರಾಗುವಂತಿಲ್ಲ. ಎದುರುದಾರನ ಪರ ನಿಂತ ವಕೀಲನೂ ಆಗುವಂತಿಲ್ಲ. ಆದಷ್ಟು ಮಟ್ಟಿಗೆ ಹೆಂಗಸರೇ ಇರಬೇಕು. ಹೊಡೆದವನು ಅಲ್ಲಿ ಕೂತು, "ಅವಳೇ ಹಾಗೆ ಮಾಡಿದಳು, ಅದಕ್ಕೇ ಹೊಡೆದೆ" ಎಂದು ಸಮರ್ಥಿಸಿಕೊಳ್ಳಕೂಡದು. ನಮ್ಮ ಕಟ್ಟೆಯ ಪಂಚರಿಗೆ ಈ ಒಂದು ಸಾಲು ಗೊತ್ತಿದ್ದರೆ ಎಷ್ಟು ಹೆಣ್ಣುಮಕ್ಕಳು ಬದುಕುತ್ತಿದ್ದರೋ!

ನಾವು ಬ್ಯಾಂಕಿನಲ್ಲಿ ಐದು ಸಾವಿರದ ಸಾಲಕ್ಕೂ ಜಾಮೀನುದಾರನನ್ನು ಹತ್ತು ಪ್ರಶ್ನೆ ಕೇಳುತ್ತಿದ್ದೆವು. ಸಲಹೆಗಾರರನ್ನು ನೀವೂ ಕೇಳಿರಿ. ಓದಿದ್ದೇನು? ಇಬ್ಬರನ್ನೂ ಬೇರೆ ಬೇರೆ ಕೂಡಿಸಿ ಕೇಳುತ್ತೀರಾ? ಮಾತು ಹೊರಗೆ ಹೋಗುವುದಿಲ್ಲವಷ್ಟೇ? ಸೊಸೆ ಅಥಣಿಯಿಂದ ಬಂದವಳು, ಮರಾಠಿ ಅರ್ಧಂಬರ್ಧ. ಅವಳ ದುಃಖ ಕನ್ನಡದಲ್ಲಿ ಕೇಳಬಲ್ಲಿರಾ?